ಬೀಗ ಬೀಳುವ ಮೊದಲು ಯಾದವಗಿರಿಗೆ ಬನ್ನಿ

ಕಳೆದ ವಾರ ನಮ್ಮ ಕಚೇರಿಗೆ ಇಬ್ಬರು ಹುಡುಗರು ಬಂದಿದ್ದರು. ಒಬ್ಬ ಇಂಜಿನಿಯರಿಂಗ್ ಓದುತ್ತಿರುವವನು, ಇನ್ನೊಬ್ಬ ಈಗತಾನೆ ಕೆಲಸಕ್ಕೆ ಸೇರಿದವನು. ಕನ್ನಡದ ಕೆಲಸವೆಂದರೆ ರಾತ್ರಿ ಹನ್ನೆರಡಕ್ಕೂ ಪೋಸ್ಟರ್ ಅಂಟಿಸಲು ಹೊರಡುವ ಹುಡುಗರು. ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಮನೆಯ ಬಗ್ಗೆ ಈ ಸಲ ಸಂಪಾದಕೀಯ ಬರೆಯುತ್ತೇವೆ ಎಂದಾಗ ಇಬ್ಬರ ಮುಖವೂ ಸಣ್ಣಗಾಯಿತು. "ಅವರು ಕನ್ನಡದವರಲ್ಲವಲ್ಲ ಸಾರ್. ಒಂದು ಸಾಲು ಕನ್ನಡ ಬರೆದವರಲ್ಲ. ಆ ಮನೆ ಇದ್ದರೆಷ್ಟು, ಬಿದ್ದರೆಷ್ಟು?" ಎಂದು ಕೇಳಿಯೇಬಿಟ್ಟರು.

ಕೇಳಿದ್ದು ಒಳ್ಳೆಯದಾಯಿತು. ಈ ಪ್ರಶ್ನೆ ನಿಮ್ಮಲ್ಲೂ ಹಲವರ ನಾಲಿಗೆಯ ತುದಿಯಲ್ಲಿದೆ ಎಂಬುದು ನಮಗೆ ಗೊತ್ತು. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಆದ್ದರಿಂದ ಮೊದಲು ನಡೆದದ್ದೇನೆಂದು ಹೇಳಿಬಿಡುತ್ತೇವೆ. ಜಗಳ ಆಮೇಲೆ ಆಡೋಣ.

ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿ ಎರಡಂತಸ್ತಿನ ಒಂದು ಬಿಳಿ ಮನೆ. 1950ರ ದಶಕದ ಆರಂಭದಲ್ಲಿ ನಾರಾಯಣ್ ಕಟ್ಟಿಸಿದ್ದು. ಅಲ್ಲಿಯವರೆಗೆ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರು ಅವರು. ಬರೆಯುವುದಕ್ಕೆಂದೇ ಅರೆ ದುಂಡಾಕಾರದ ಒಂದು ಕೋಣೆ ಮಾಡಿಸಿ ಅದಕ್ಕೆ ಎಂಟು ಕಿಟಕಿ ಇಡಿಸಿದರು. ದಕ್ಷಿಣಕ್ಕೆ ಚಾಮುಂಡಿ ಬೆಟ್ಟದ ಗುಡಿ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಬಯಲಿನಲ್ಲಿ ಮೇಯುವ ದನ ಕುರಿ, ದೂರದಲ್ಲಿ ಹಾದುಹೋಗುವ ರೈಲು. ಇಷ್ಟೆಲ್ಲ ಕಾಣುತ್ತಿದ್ದರೆ ಬರೆಯುವುದು ಹೇಗೆ? ಕೊನೆಗೆ ಕಿಟಕಿಗೆ ಪರದೆ ಎಳೆದು ಕೂತೆ ಎಂದು ಅವರೇ ಬರೆದುಕೊಂಡಿದ್ದಾರೆ. ಸುಮಾರು ನಾಲ್ಕು ದಶಕ ಅದು ಅವರ ಮನೆಯಾಗಿತ್ತು. ವಯಸ್ಸಾದ ಮೇಲೆ ಚೆನ್ನೈಗೆ ಹೋದರು, 2001ರ ಮೇ 13ರಂದು ಅಲ್ಲೇ ತೀರಿಕೊಂಡರು.

ಆಮೇಲೆ ನಡೆದದ್ದು ನಮ್ಮ ಎಲ್ಲ ಊರುಗಳಲ್ಲೂ ನಡೆಯುವಂಥದ್ದೇ. ಮನೆ ಖಾಲಿ ಬಿತ್ತು. ಜಾಗಕ್ಕೆ ಬೆಲೆ ಬಂತು, ಮನೆಗೆ ಬೆಲೆ ಹೋಯಿತು. ಮಾರಾಟವೂ ಆಯಿತು. 2011ರಲ್ಲಿ ಕೆಡವುವವರು ಬಂದೇಬಿಟ್ಟರು. ಸುದ್ದಿ ಪತ್ರಿಕೆಗಳಲ್ಲಿ ಬಂದು, ಮೈಸೂರಿನ ಜನ ಗದ್ದಲ ಎಬ್ಬಿಸಿ, ಅಧಿಕಾರಿಗಳು ಕೆಲಸ ನಿಲ್ಲಿಸುವಷ್ಟರಲ್ಲಿ ಕೆಲವು ಭಾಗ ಕೆಡವಿಯೂ ಆಗಿತ್ತು. ಇನ್ನು ಕೆಲವು ದಿನ ಯಾರೂ ಬಾಯಿ ಬಿಡದಿದ್ದರೆ ಅಲ್ಲಿ ಇವತ್ತು ಒಂದು ಅಪಾರ್ಟ್‌ಮೆಂಟ್ ಇರುತ್ತಿತ್ತು. ಅದರ ಹೆಸರು ಏನಿರುತ್ತಿತ್ತು ಎಂದು ನಾವು ಊಹಿಸಬಲ್ಲೆವು: "ಮಾಲ್ಗುಡಿ ಹೈಟ್ಸ್"! ಬೋರ್ಡಿನಲ್ಲಿ ಕನ್ನಡ ಕಾಳಿನಷ್ಟು, ಇಂಗ್ಲಿಷ್ ಆನೆಯಷ್ಟು. ಆಗ ನಾವು ನೀವು ಹೋಗಿ ಆ ಬೋರ್ಡಿನ ಮುಂದೆ ಧರಣಿ ಕೂರಬೇಕಾಗುತ್ತಿತ್ತು.

ಕೊನೆಗೆ ಮೈಸೂರು ಮಹಾನಗರ ಪಾಲಿಕೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆ ಕೊಂಡುಕೊಂಡಿತು, ದುರಸ್ತಿ ಮಾಡಿಸಿತು, 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವೆಂದು ಬಾಗಿಲು ತೆರೆಯಿತು. ನಾರಾಯಣ್ ಅವರ ಕೋಟು, ಕನ್ನಡಕ, ಫೋಟೋ, ಪುಸ್ತಕ ಎಲ್ಲ ಅಲ್ಲಿಗೆ ಬಂದವು. ಕೆಡವುವ ಕೈ ತಡೆದದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ ಸುಮಾರು ಐದು ವರ್ಷ.

ಈ ಐದು ವರ್ಷದ ನಡುವೆಯೇ ನಮ್ಮ ಕನ್ನಡದ ಹಿರಿಯ ಸಾಹಿತಿಗಳು ಕೆಲವರು ಬಹಿರಂಗವಾಗಿ ವಿರೋಧಿಸಿದರು. ನಾರಾಯಣ್ ಕನ್ನಡದಲ್ಲಿ ಬರೆಯಲಿಲ್ಲ, ಕನ್ನಡದ ಒಂದು ಕೃತಿಯನ್ನೂ ಇಂಗ್ಲಿಷಿಗೆ ಕೊಂಡೊಯ್ಯಲಿಲ್ಲ, ಹಸ್ತಪ್ರತಿಗಳು ಅಮೆರಿಕದ ವಿಶ್ವವಿದ್ಯಾಲಯದ ಪಾಲಾದವು, ಹಾಗಿರುವಾಗ ಕನ್ನಡಿಗರ ತೆರಿಗೆ ಹಣ ಅವರ ಮನೆಗೆ ಏಕೆ ಎಂಬುದು ಅವರ ಮಾತು. ಅದನ್ನು ಸಣ್ಣತನವೆಂದು ಗೇಲಿ ಮಾಡಿದ ಇಂಗ್ಲಿಷ್ ಪಂಡಿತರೂ ಇದ್ದರು. ನಾವು ಗೇಲಿ ಮಾಡುವುದಿಲ್ಲ. ಆ ಸಿಟ್ಟಿನ ಹಿಂದೆ ನೋವಿದೆ. ಕನ್ನಡದಲ್ಲೇ ಹುಟ್ಟಿ, ಕನ್ನಡದಲ್ಲೇ ಬೆಳೆದು, ಕನ್ನಡಕ್ಕೆ ಜೀವ ತೇಯ್ದವರ ಮನೆಗಳ ಗತಿ ಏನಾಗಿದೆ ಎಂದು ನೋಡಿದವನಿಗೆ ಆ ನೋವು ಅರ್ಥವಾಗುತ್ತದೆ.

ಧಾರವಾಡದ ಶುಕ್ರವಾರಪೇಟೆಗೆ ಹೋಗಿ ಕೇಳಿ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ ಊರು ಅದು. ತಾಯಿ ಅಂಬಾಬಾಯಿಯ ಹಾಡು ಕೇಳುತ್ತ ಬೆಳೆದ ಹುಡುಗಿ, ಬೀದಿಯವರ ಚುಚ್ಚುಮಾತು ಕೇಳುತ್ತ ಬೆಳೆದ ಹುಡುಗಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತ ಹುಡುಗಿ ಇಡೀ ದೇಶವೇ ತಲೆಬಾಗುವಂತೆ ಹಾಡಿದಳು. ಅವರ ಬಾಲ್ಯದ ಮನೆಯನ್ನು ಸರ್ಕಾರ ದುರಸ್ತಿ ಮಾಡಿಸಿ ಸ್ಮಾರಕವೆಂದಿತು. ಆಮೇಲೆ? ನೋಡಿಕೊಳ್ಳುವವರಿಲ್ಲದೆ 2020ರ ದಶಕದ ಆರಂಭದ ಹೊತ್ತಿಗೆ ಅದೇ ಸ್ಮಾರಕ ಪಾಳುಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೆಡವಲು ಯಾವ ಬಿಲ್ಡರೂ ಬರಲಿಲ್ಲ. ಮಳೆ ಒಂದೇ ಸಾಕಾಯಿತು.

ಕುಪ್ಪಳಿಯ ಕವಿಮನೆಯನ್ನು ತೆಗೆದುಕೊಳ್ಳಿ. ಕುವೆಂಪು ಅವರ ಆ ಮನೆ ನಾಡಿನ ಮನೆಗಳಲ್ಲೆಲ್ಲ ಚೆನ್ನಾಗಿ ಉಳಿದಿರುವಂಥದ್ದು, ಸಾವಿರಾರು ಜನ ಹೋಗುವಂಥದ್ದು. ಅಲ್ಲಿಗೇ 2015ರ ನವೆಂಬರ್‌ನಲ್ಲಿ ಕಳ್ಳರು ನುಗ್ಗಿ ಕವಿಗೆ ಬಂದ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದರು! ಕನ್ನಡ ರಾಜ್ಯೋತ್ಸವದ ತಿಂಗಳಲ್ಲಿ! ಇಷ್ಟು ಹೆಸರಾದ ಮನೆಯ ಕಾವಲೇ ಹಾಗಿದ್ದರೆ ಹೆಸರಾಗದ ಮನೆಗಳ ಪಾಡೇನು?

ಇನ್ನು ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ. 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ಅವರಿಗೆ ಆ ಬಿರುದು ಕೊಟ್ಟಿತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕವಿಯೂ ಮನೆಯೂ ಕಾಸರಗೋಡಿನೊಂದಿಗೆ ಕೇರಳದ ಪಾಲಾದರು. ಪೈಗಳು 1963ರಲ್ಲಿ ಕಣ್ಣು ಮುಚ್ಚಿದರು. ಅವರ ಮೊದಲ ಕವನ ಸಂಕಲನದ ಹೆಸರಿನಲ್ಲೇ "ಗಿಳಿವಿಂಡು" ಎಂಬ ಸ್ಮಾರಕ ಅಲ್ಲಿ 2017ರಲ್ಲಿ ತೆರೆಯಿತು. ಕಾಸರಗೋಡು ನಮ್ಮದು ಎಂದು ಬೆಂಗಳೂರಿನಲ್ಲಿ ಘೋಷಣೆ ಕೂಗುವ ನಮ್ಮಲ್ಲಿ ಎಷ್ಟು ಜನ ಮಂಗಳೂರಿನಿಂದ ಬಸ್ಸು ಹತ್ತಿ ಆ ಮನೆಯ ಅಂಗಳಕ್ಕೆ ಹೋಗಿದ್ದೇವೆ? ಕೈ ಎತ್ತಿ. ಹೋಗಲಿ ಬಿಡಿ, ಎತ್ತಬೇಡಿ.

ಹೀಗಾಗಿ ಸಾಹಿತಿಗಳ ದೂರಿನಲ್ಲಿ ಅರ್ಧ ಸತ್ಯವಿದೆ ಎಂದು ನಾವು ಒಪ್ಪುತ್ತೇವೆ. ಆದರೆ ಉಳಿದರ್ಧವನ್ನು ಒಪ್ಪುವುದಿಲ್ಲ. ನಮ್ಮ ಮನೆಗಳು ಬೀಳುತ್ತಿವೆ ಎಂಬುದಕ್ಕೆ ಉತ್ತರ ಪಕ್ಕದ ಮನೆಯನ್ನೂ ಬೀಳಿಸಿ ಎಂಬುದಲ್ಲ. ಯಾದವಗಿರಿಯ ಮನೆಗೆ ಬೀಗ ಬಿದ್ದರೆ ಧಾರವಾಡದ ಗೋಡೆ ಎದ್ದು ನಿಲ್ಲುವುದೇ? ಅಲ್ಲಿ ಉಳಿದ ಹಣ ಮಂಜೇಶ್ವರಕ್ಕೆ ಹೋಗುವುದೇ? ಒಂದು ರೂಪಾಯಿಯೂ ಹೋಗುವುದಿಲ್ಲ. ಅದು ಯಾವುದೋ ಚರಂಡಿಯ ಬಿಲ್ಲಿನಲ್ಲಿ ಕರಗಿಹೋಗುತ್ತದೆ. ಅಷ್ಟೇ ಅಲ್ಲ, "ನೋಡಿ, ನಾರಾಯಣ್ ಅಂಥವರ ಮನೆಗೇ ಜನ ಬರಲಿಲ್ಲ, ಇನ್ನು ಕನ್ನಡ ಕವಿಗಳ ಮನೆಗೆ ಯಾರು ಬರುತ್ತಾರೆ?" ಎಂದು ಕಡತದಲ್ಲಿ ಷರಾ ಬರೆಯುವ ಅಧಿಕಾರಿಗೆ ನಾವೇ ಪೆನ್ನು ಕೊಟ್ಟಂತಾಗುತ್ತದೆ.

ಹುಟ್ಟಿದ ಮನೆಯ ಮಾತು ಯಾವುದು ಎಂಬ ಲೆಕ್ಕವನ್ನಂತೂ ಕನ್ನಡ ಎಂದೂ ಇಟ್ಟಿಲ್ಲ. ಮಾಸ್ತಿ, ಪು.ತಿ.ನ. ಅವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಗೋವಿಂದ ಪೈಗಳದು ಕೊಂಕಣಿ. ಇವರನ್ನು ತೆಗೆದುಹಾಕಿದರೆ ನಮ್ಮ ಕಪಾಟಿನಲ್ಲಿ ಉಳಿಯುವುದೇನು? "ಅವರೆಲ್ಲ ಕನ್ನಡದಲ್ಲಿ ಬರೆದರು, ಇವರು ಬರೆಯಲಿಲ್ಲ" ಎನ್ನುತ್ತೀರಿ. ನಿಜ. ಅದಕ್ಕೇ ನಾರಾಯಣ್ ಅವರನ್ನು ಕನ್ನಡ ಸಾಹಿತಿಗಳ ಸಾಲಿನಲ್ಲಿ ಕೂರಿಸಿ ಎಂದು ನಾವು ಕೇಳುತ್ತಿಲ್ಲ. ಆ ಸಾಲಿಗೆ ಅವರು ಸೇರುವುದಿಲ್ಲ, ಸೇರಲು ಹೊರಟವರೂ ಅಲ್ಲ. ನಾವು ಕೇಳುತ್ತಿರುವುದು ಊರಿನ ಮಾತು. ಆ ಎಂಟು ಕಿಟಕಿಯಿಂದ ಕಂಡ ಊರು ಯಾವುದು? ಲಂಡನ್ನೇ?

1930ರಲ್ಲಿ ಬೆಂಗಳೂರಿನಲ್ಲಿ ಅಜ್ಜಿ ಆರಿಸಿಕೊಟ್ಟ ಒಳ್ಳೆಯ ದಿನ ನೋಡಿ ಒಂದು ನೋಟುಪುಸ್ತಕ ಕೊಂಡು ಕೂತಾಗ ಅವರಿಗೆ ಹೊಳೆದದ್ದು ಮಾಲ್ಗುಡಿಯ ರೈಲು ನಿಲ್ದಾಣ. ಮಲ್ಲೇಶ್ವರ, ಬಸವನಗುಡಿ ಸೇರಿ ಮಾಲ್ಗುಡಿ ಆಯಿತೆಂದು ಬೆಂಗಳೂರಿಗರು ಹೇಳುವುದು ಬರೀ ಕತೆ, ಅದನ್ನು ನಂಬಬೇಡಿ. ಆದರೆ ಅವರ ಅಪ್ಪ ಮೈಸೂರಿನ ಮಹಾರಾಜ ಕಾಲೇಜಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿದ್ದದ್ದು, ಅವರು ಮೈಸೂರಿನ ಬೀದಿಗಳಲ್ಲಿ ಗಂಟೆಗಟ್ಟಲೆ ನಡೆದದ್ದು, ಅಂಗಡಿಯವರು ವಕೀಲರು ಪ್ರಿಂಟಿಂಗ್ ಪ್ರೆಸ್ಸಿನವರ ಜೊತೆ ಹರಟಿದ್ದು ಕತೆಯಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ತಮ್ಮದೇ ಪ್ರಕಾಶನ ತೆರೆದದ್ದೂ ಮೈಸೂರಿನಲ್ಲೇ. ನಾಡನ್ನು ಪರಿಚಯಿಸುವ ಪುಸ್ತಕ ಬರೆದುಕೊಡಿ ಎಂದು ನಮ್ಮ ಸರ್ಕಾರವೇ ಅವರನ್ನು ಕೇಳಿತು. 1977ರಲ್ಲಿ "ದಿ ಎಮರಾಲ್ಡ್ ರೂಟ್" ಬಂತು, ಅದಕ್ಕೆ ಚಿತ್ರ ಬರೆದವರು ತಮ್ಮ ಆರ್.ಕೆ. ಲಕ್ಷ್ಮಣ್. ಬೇಕಾದಾಗ ಬರೆಸಿಕೊಂಡು ಬೇಡವಾದಾಗ ಹೊರಗಿನವರು ಎನ್ನುವುದು ಯಾವ ಸೀಮೆಯ ನ್ಯಾಯ?

ಇಷ್ಟಕ್ಕೂ ಅವರ ಮಾಲ್ಗುಡಿಯನ್ನು ಕನ್ನಡದ ಮಣ್ಣಿಗೆ ತಂದು ನೆಟ್ಟವರು ಯಾರು? ನಿಮ್ಮ ಶಂಕರಣ್ಣ! ಆಟೋಗಳ ಹಿಂದೆ ಇವತ್ತಿಗೂ ಯಾರ ಮುಖ ಕಾಣುತ್ತದೋ ಆ ಶಂಕರ್‌ನಾಗ್. 1980ರ ದಶಕದ ಮಧ್ಯದಲ್ಲಿ ಆಗುಂಬೆಯ ಮನೆ, ಅಂಗಡಿ, ಬೀದಿಯನ್ನೇ ಮಾಲ್ಗುಡಿ ಮಾಡಿ, ನಮ್ಮ ಮಾಸ್ಟರ್ ಮಂಜುನಾಥನನ್ನು ಸ್ವಾಮಿ ಮಾಡಿ, ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತ್‌ನಾಗ್, ವಿಷ್ಣುವರ್ಧನ್ ಇವರನ್ನೆಲ್ಲ ಕರೆತಂದು ದೂರದರ್ಶನದಲ್ಲಿ ಇಡೀ ಭಾರತಕ್ಕೆ ಕನ್ನಡಿಗರ ಮುಖ ತೋರಿಸಿದವರು. ಭಾಷೆ ಹಿಂದಿ ಇರಬಹುದು, ಆದರೆ ತೆರೆಯ ಮೇಲೆ ಕಂಡದ್ದು ಮಲೆನಾಡಿನ ಹಂಚಿನ ಮಾಡು, ಮಲೆನಾಡಿನ ಮಳೆ. ಶಂಕರಣ್ಣ ಅರ್ಧಕ್ಕೇ ಹೊರಟುಹೋಗಿ (1990ರ ಸೆಪ್ಟೆಂಬರ್ 30, ಮರೆಯುವ ದಿನವೇ ಅದು?) ಇಷ್ಟು ವರ್ಷವಾದರೂ ಆ ಧಾರಾವಾಹಿ ನೋಡುವವರು ಕಡಿಮೆಯಾಗಿಲ್ಲ. ಅದರಲ್ಲಿ ಮಾಲ್ಗುಡಿ ನಿಲ್ದಾಣವಾದ ಅರಸಾಳನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವನ್ನೇ ಮಾಡಿದರು. ಅದಕ್ಕೂ ಮೊದಲು, 1983ರಲ್ಲಿ, ಟಿ.ಎಸ್. ನಾಗಾಭರಣ ನಾರಾಯಣ್ ಅವರ ಕಾದಂಬರಿಯನ್ನೇ "ಬ್ಯಾಂಕರ್ ಮಾರ್ಗಯ್ಯ" ಎಂದು ಕನ್ನಡ ಸಿನಿಮಾ ಮಾಡಿದ್ದರು. ಮಾರ್ಗಯ್ಯನಾಗಿ ಲೋಕೇಶ್ ನಟಿಸಿದ್ದನ್ನು ನೋಡದವರು ಇವತ್ತೇ ಹುಡುಕಿ ನೋಡಿ. ಆತ ಮಾತಾಡುವುದು ಅಪ್ಪಟ ಕನ್ನಡ, ಲೆಕ್ಕ ಹಾಕುವುದು ಅಪ್ಪಟ ಮೈಸೂರು ಸೀಮೆಯ ಲೆಕ್ಕ.

ಇನ್ನೊಂದು ವಿಷಯ. ನಿಮ್ಮ ಬೆನ್ನಿಗೆ ಸಂಬಂಧಿಸಿದ್ದು. ರಾಜ್ಯಸಭೆಗೆ ನಾಮಕರಣಗೊಂಡ ನಾರಾಯಣ್ 1989ರಲ್ಲಿ ತಮ್ಮ ಮೊದಲ ಭಾಷಣದಲ್ಲಿ ಮಾತಾಡಿದ್ದು ಸಾಹಿತ್ಯದ ಬಗ್ಗೆಯೂ ಅಲ್ಲ, ಇಂಗ್ಲಿಷಿನ ಬಗ್ಗೆಯೂ ಅಲ್ಲ. ಪುಟ್ಟ ಮಕ್ಕಳು ಹೊರುವ ಶಾಲೆಯ ಚೀಲದ ಭಾರದ ಬಗ್ಗೆ. ಅದರ ನಂತರವೇ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. ಚೀಲ ಹಗುರಾಯಿತೇ ಎಂದು ನಿಮ್ಮ ತಂಗಿ ತಮ್ಮಂದಿರನ್ನು ಕೇಳಿ. ಆದರೆ ಆ ಸದನದಲ್ಲಿ ಎದ್ದು ಅದನ್ನು ಹೇಳಬೇಕೆಂದು ಹೊಳೆದದ್ದು ಯಾದವಗಿರಿಯ ಈ ಮನುಷ್ಯನಿಗೆ.

ಸರಿ, ಮನೆ ಉಳಿದಿದೆಯಲ್ಲ, ಪಾಲಿಕೆಯ ಕೈಯಲ್ಲಿದೆಯಲ್ಲ, ಈಗೇಕೆ ಈ ಗದ್ದಲ ಎನ್ನಬಹುದು ನೀವು. ಬಾಗಿಲು ಮುಚ್ಚುವ ಆದೇಶದ ಪ್ರತಿ ನಮ್ಮ ಕೈಯಲ್ಲಿದೆ ಎಂದು ನಾವು ಬೊಗಳೆ ಬಿಡುವುದಿಲ್ಲ. ಇಂಥ ಮನೆಗಳಿಗೆ ಬೀಗ ಹಾಕಲು ಆದೇಶವೇ ಬೇಕಾಗಿಲ್ಲ ಎಂಬುದನ್ನು ಧಾರವಾಡ ತೋರಿಸಿದೆ. ಅದು ನಡೆಯುವ ರೀತಿಯೇ ಬೇರೆ. ಮೊದಲ ವರ್ಷ ಉದ್ಘಾಟನೆಯ ಹೂವು, ಫೋಟೋ, ಭಾಷಣ. ಎರಡನೇ ವರ್ಷ ಶಾಲಾ ಮಕ್ಕಳು. ಆಮೇಲೆ ಬರುವವರು ಕಡಿಮೆಯಾಗುತ್ತಾರೆ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಒಂದು ಪುಟ ತುಂಬಲು ವಾರ ಹಿಡಿಯುತ್ತದೆ. ಪಾಲಿಕೆ ಎಂದರೆ ಕಸ, ನೀರು, ಚರಂಡಿ, ಬೀದಿದೀಪ. ಸಂಗ್ರಹಾಲಯ ಅದರ ಪಟ್ಟಿಯಲ್ಲಿ ಕೊನೆಯ ಸಾಲು. ಬಜೆಟ್ ಮಾಡುವವನು ರಿಜಿಸ್ಟರ್ ನೋಡುತ್ತಾನೆ, ಇಷ್ಟೇ ಜನಕ್ಕೆ ಇಷ್ಟು ಖರ್ಚೇ ಎಂದು ಕೊನೆಯ ಸಾಲಿಗೆ ಕತ್ತರಿ ಹಾಕುತ್ತಾನೆ. ಗುಡಿಸುವವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಸೋರುವ ಜಾಗಕ್ಕೆ ಗಾರೆ ಬೀಳುವುದಿಲ್ಲ, ಒಂದು ಮಳೆಗಾಲ ಕಳೆದರೆ ಗೋಡೆಯ ಫೋಟೋ ಬೂಷ್ಟು ಹಿಡಿಯುತ್ತದೆ, ಕಪಾಟಿಗೆ ಗೆದ್ದಲು ಬರುತ್ತದೆ. ಕೋಟಿಗೆ ನುಸಿ ಬರುತ್ತದೆ. "ದುರಸ್ತಿಗಾಗಿ ತಾತ್ಕಾಲಿಕವಾಗಿ ಮುಚ್ಚಲಾಗಿದೆ" ಎಂಬ ಚೀಟಿ ಅಂಟುತ್ತದೆ. ಗೆಳೆಯರೇ, ನಮ್ಮ ನಾಡಿನಲ್ಲಿ "ತಾತ್ಕಾಲಿಕ" ಎಂಬ ಪದಕ್ಕೆ ಎಷ್ಟು ಆಯುಸ್ಸು ಎಂದು ನಿಮಗೆ ಹೇಳಬೇಕೆ?

ಮೈಸೂರಿನವರಿಗೆ ಈ ಪಾಠ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಊರಿನ ನಟ್ಟನಡುವೆ, ದಿನಾ ಸಾವಿರಾರು ಜನ ಓಡಾಡುವ ಜಾಗ. ಅಂಥವನ್ನೇ ಕಾಯಲಾಗದಿದ್ದರೆ, ಯಾರೂ ಹಾಯದ ಮನೆಯೊಂದನ್ನು ಕಾಯುವವರು ಯಾರು?

ಇಂಗ್ಲಿಷರನ್ನು ಹೊಗಳುವುದು ನಮ್ಮ ಪತ್ರಿಕೆಯ ಚಾಳಿಯಲ್ಲ. ಆದರೂ ಒಂದು ಸಂಗತಿ ಹೇಳಬೇಕು. ಷೇಕ್ಸ್‌ಪಿಯರ್ ಹುಟ್ಟಿದ ಮನೆ 1847ರಲ್ಲಿ ಹರಾಜಿಗೆ ಬಂದಾಗ ಅಲ್ಲಿಯ ಜನ ಸಮಿತಿ ಮಾಡಿಕೊಂಡು ಚಂದಾ ಎತ್ತಿ ಅದನ್ನು ಕೊಂಡರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಹಣ ಕೂಡಿಸಲು ನಿಂತ. ಇವತ್ತಿಗೂ ಪ್ರಪಂಚದ ಜನ ಆ ಊರಿಗೆ ಟಿಕೆಟ್ ಕೊಂಡು ಹೋಗುತ್ತಾರೆ, ನಮ್ಮ ಮಂತ್ರಿಗಳೂ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಿಗೆ ಇದ್ದದ್ದು ದೊಡ್ಡ ಖಜಾನೆಯಲ್ಲ, ಇದು ನಮ್ಮೂರಿನ ಮನೆ ಎಂಬ ಹಟ.

ಆ ಹಟ ನಮಗೂ ಗೊತ್ತು. ಗೋಕಾಕ್ ವರದಿ ಜಾರಿಯಾಗಲಿ ಎಂದು 1982ರಲ್ಲಿ ಅಣ್ಣಾವ್ರ ಹಿಂದೆ ಬೀದಿ ತುಂಬಿದವರು ನಿಮ್ಮ ಅಪ್ಪ ಅಮ್ಮಂದಿರೇ. 2023ರ ಡಿಸೆಂಬರ್‌ನಲ್ಲಿ ನಾಮಫಲಕದಲ್ಲಿ ಕನ್ನಡ ಶೇ. 60 ಇರಲೇಬೇಕೆಂದು ಬೆಂಗಳೂರಿನ ರಸ್ತೆಗಿಳಿದವರು ನೀವೇ. 2024ರಲ್ಲಿ ಅದು ಕಾಯ್ದೆಯೂ ಆಯಿತು. ಅಂಗಡಿಯ ಬೋರ್ಡಿಗೆ ಬಂದ ಶಕ್ತಿ ಒಂದು ಮನೆಯ ಗೋಡೆಗೆ ಬರಬಾರದೇಕೆ?

ಇಲ್ಲಿಯೇ ನಮ್ಮ ಪತ್ರಿಕೆಯ ನಿಜವಾದ ಬೇಡಿಕೆ ಇರುವುದು. ಆ ಮನೆ ಉಳಿಯಲಿ, ಕನ್ನಡದ ಮನೆಯಾಗಿ ಉಳಿಯಲಿ. ಬರೆದವರ ಭಾಷೆ ಇಂಗ್ಲಿಷ್ ಆದರೇನು, ತೋರಿಸುವವರ ಭಾಷೆ ಕನ್ನಡ ಆಗಲಿ. ಒಳಗಿನ ಪ್ರತಿ ಫಲಕದಲ್ಲೂ ಕನ್ನಡ ಮೊದಲು ಬರಲಿ. ಅವರ ಪುಸ್ತಕಗಳ ಕನ್ನಡ ಅನುವಾದಗಳು ಅಲ್ಲಿ ಓದಲು ಸಿಗಲಿ, ಕೊಳ್ಳಲೂ ಸಿಗಲಿ. ಒಂದು ಕೋಣೆಯಲ್ಲಿ "ಬ್ಯಾಂಕರ್ ಮಾರ್ಗಯ್ಯ" ತೋರಿಸಲಿ. ಸರ್ಕಾರಿ ಕನ್ನಡ ಶಾಲೆಯ ಮಕ್ಕಳನ್ನು ಪಾಲಿಕೆಯೇ ಬಸ್ಸು ಮಾಡಿ ಕರೆತರಲಿ, ಕನ್ನಡದಲ್ಲಿ ಕತೆ ಹೇಳಿ ಕಳಿಸಲಿ. ಸ್ವಾಮಿಯ ವಯಸ್ಸಿನ ಹುಡುಗ ಸ್ವಾಮಿಯ ಕತೆಯನ್ನು ಕನ್ನಡದಲ್ಲಿ ಕೇಳಿಕೊಂಡು ಆ ಮೆಟ್ಟಿಲು ಇಳಿಯುವಂತಾದರೆ, ಎರಡು ಕೋಟಿ ದಂಡವಾಯಿತೆಂದು ನಮ್ಮ ಹಿರಿಯ ಸಾಹಿತಿಗಳೂ ಅನ್ನಲಾರರು.

ಇದೆಲ್ಲ ಆಗುವುದು ಸಂಪಾದಕೀಯದಿಂದಲ್ಲ. ಆದ್ದರಿಂದ ಕೆಲಸದ ಮಾತಿಗೆ ಬರೋಣ.

ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಿಮ್ಮ ಕೈಯಲ್ಲಿದೆ. ಶುಲ್ಕ ಹತ್ತು ರೂಪಾಯಿ, ಅಂದರೆ ಒಂದು ಕಾಫಿಗೂ ಕಡಿಮೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅಷ್ಟು ಸಾಕು. ಮೈಸೂರು ಮಹಾನಗರ ಪಾಲಿಕೆಗೆ ಬರೆಯಿರಿ: ಕಳೆದ ಮೂರು ವರ್ಷದಲ್ಲಿ ಆ ಮನೆಗೆ ಖರ್ಚಾದ ಹಣವೆಷ್ಟು, ಬಂದ ಜನವೆಷ್ಟು, ನೋಡಿಕೊಳ್ಳುವ ಸಿಬ್ಬಂದಿ ಎಷ್ಟು, ಕೊನೆಯ ದುರಸ್ತಿ ಯಾವಾಗ, ವಸ್ತುಗಳ ಪಟ್ಟಿ ಇದೆಯೇ. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಕೇಳಿ. ಬಂದ ಉತ್ತರದ ನಕಲು ನಮಗೆ ಕಳಿಸಿ, ಯಾವ ಬಣ್ಣವನ್ನೂ ಹಚ್ಚದೆ ಅಚ್ಚು ಹಾಕುತ್ತೇವೆ. ಪಾಲಿಕೆ ಒಳ್ಳೆಯ ಕೆಲಸ ಮಾಡಿದ್ದರೆ ಅದನ್ನೂ ಹಾಕುತ್ತೇವೆ. ಇದೇ ಅರ್ಜಿಯನ್ನು ಧಾರವಾಡದವರು ತಮ್ಮ ಊರಿನ ಮನೆಗಾಗಿ ಬರೆಯಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ.

ಇನ್ನು ದಿನ. ಕ್ಯಾಲೆಂಡರ್ ತೆಗೆದು ಅಕ್ಟೋಬರ್ 10ಕ್ಕೆ ಗುರುತು ಹಾಕಿ. ನಾರಾಯಣ್ 1906ರಲ್ಲಿ ಅಂದೇ ಹುಟ್ಟಿದರು. ಅದಕ್ಕೂ ನಾಲ್ಕು ವರ್ಷ ಮೊದಲು, 1902ರಲ್ಲಿ, ಅದೇ ಅಕ್ಟೋಬರ್ 10ರಂದು ಕೋಟದಲ್ಲಿ ಇನ್ನೊಬ್ಬರು ಹುಟ್ಟಿದ್ದರು. ಕೋಟ ಶಿವರಾಮ ಕಾರಂತರು! ಒಬ್ಬರು ಇಂಗ್ಲಿಷಿನಲ್ಲಿ ಬರೆದ ಮೈಸೂರಿನವರು, ಇನ್ನೊಬ್ಬರು ಕನ್ನಡದ ಕಡಲತೀರದ ಭಾರ್ಗವ. ಒಂದೇ ದಿನ. ಕಾರಂತರು ದಶಕಗಳ ಕಾಲ ಬದುಕಿ, ಬರೆದು, ಮಕ್ಕಳಿಗೆ ನಾಟಕ ಆಡಿಸಿದ ಬಾಲವನ ಪುತ್ತೂರಿನಲ್ಲಿದೆ. ಕನ್ನಡದ ಮನೆ ಮೊದಲೋ ಇಂಗ್ಲಿಷಿನ ಮನೆ ಮೊದಲೋ ಎಂದು ಕಚ್ಚಾಡುವವರಿಗೆ ಆ ದಿನವೇ ಉತ್ತರ ಇಟ್ಟುಕೊಂಡಿದೆ. ಎರಡೂ ಕಡೆ ಹೋಗೋಣ.

ಬೆಂಗಳೂರು, ಮೈಸೂರು, ಮಂಡ್ಯ, ಹಾಸನದವರು ಯಾದವಗಿರಿಗೆ. ಮಂಗಳೂರು, ಉಡುಪಿ, ಕೊಡಗಿನವರು ಪುತ್ತೂರಿಗೆ. ಮಂಗಳೂರಿನವರು ಮರುದಿನ ಉಳಿದು ಮಂಜೇಶ್ವರಕ್ಕೂ ಹೋಗಿ ಬನ್ನಿ, ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಅದು? ಮೆರವಣಿಗೆ ಬೇಡ, ಧಿಕ್ಕಾರ ಬೇಡ. ಶಾಲು ಹಾಕಿಕೊಂಡು ಬನ್ನಿ, ಬೇಡ ಎನ್ನುವುದಿಲ್ಲ. ಅಪ್ಪ ಅಮ್ಮನನ್ನು ಕರೆತನ್ನಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ಪಕ್ಕದ ಮನೆಯ ಹುಡುಗನನ್ನು ತಪ್ಪದೆ ಕರೆತನ್ನಿ, ಅವನು ನಾರಾಯಣ್ ಕತೆ ಓದಿರುತ್ತಾನೆ, ಬ್ಯಾಂಕರ್ ಮಾರ್ಗಯ್ಯ ನೋಡಿರುವುದಿಲ್ಲ. ಆ ಎಂಟು ಕಿಟಕಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಇವತ್ತು ಚಾಮುಂಡಿ ಬೆಟ್ಟ ಕಾಣುತ್ತದೋ, ಎದುರಿನ ಕಟ್ಟಡಗಳು ಮರೆ ಮಾಡಿವೆಯೋ, ನೋಡಿ ನಮಗೆ ಬರೆಯಿರಿ.

ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳಿ. ಅಕ್ಟೋಬರ್ 10 ರಜೆಯ ದಿನವೇ ಬಿದ್ದರೆ ಆ ಒಂದು ದಿನ ತೆರೆದಿಡಿ ಎಂದು ಪಾಲಿಕೆಯ ಆಯುಕ್ತರಿಗೆ ಈಗಲೇ ಕಾಗದ ಹಾಕಿ, ನಾವೂ ಹಾಕುತ್ತೇವೆ. ಹೊರಡುವಾಗ ಜೇಬಿನಲ್ಲಿ ಒಂದು ಒಳ್ಳೆಯ ಪೆನ್ನಿರಲಿ, ಅಲ್ಲಿ ದಾರ ಕಟ್ಟಿಟ್ಟ ಪೆನ್ನಿನಲ್ಲಿ ಇಂಕು ಇರುತ್ತದೋ ಇಲ್ಲವೋ. ರಿಜಿಸ್ಟರಿನಲ್ಲಿ ಹೆಸರು, ಊರು, ದಿನಾಂಕ ಎಲ್ಲವನ್ನೂ ಕನ್ನಡದಲ್ಲಿ, ಬಿಡಿಸಿ, ದೊಡ್ಡದಾಗಿ ಬರೆಯಿರಿ. ಪುಟ ಮುಗಿದರೆ ಹೊಸ ಪುಸ್ತಕ ಕೇಳಿ.